ದೊಡ್ಡಪ್ಪಯ್ಯನ ನಾಮ, ನನ್ನ 75ರ ಲೆನ್ಸ್

"ಹ್ವಾಯ್ ಮಾಣಿ, ಬದಿಗ್ ಹೋಗ್. ಕನ್ನಡಿಗ್ ಬೆಳ್ಕ್ ಬತ್ತಿಲ್ಲ."

ಕುಂದಾಪುರದ ಹತ್ತಿರ ಒಂದು ಕೊಯ್ದ ಗದ್ದೆಯಲ್ಲಿ ಹರಕೆಯ ಯಕ್ಷಗಾನ ಆಟ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಿಡಾರದಲ್ಲಿ, ದೊಡ್ಡಪ್ಪಯ್ಯ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಎದುರಿಗೆ ಪೆಟ್ಟಿಗೆ, ಪೆಟ್ಟಿಗೆಯ ಮುಚ್ಚಳಕ್ಕೆ ಒರಗಿಸಿಟ್ಟ ಸಣ್ಣ ಕನ್ನಡಿ, ಮೇಲಿನಿಂದ ಇಳಿಬಿಟ್ಟ ಒಂದು ಎಲ್‌ಇಡಿ ಬಲ್ಬು. ನಾನು ಕ್ಯಾಮೆರಾ ಹಿಡಿದು ಅವರ ಮುಖಕ್ಕೆ ಮುಕ್ಕಾಲು ಮೀಟರ್ ಹತ್ತಿರಕ್ಕೆ ಹೋಗಿದ್ದೆ. ನನ್ನ ತಲೆಯ ನೆರಳು ಸರಿಯಾಗಿ ಅವರ ಕನ್ನಡಿಯ ಮೇಲೆ ಬಿದ್ದಿತ್ತು. ಅವರು ಬೈಯಲಿಲ್ಲ, ಅಷ್ಟೇ ಹೇಳಿದರು. ಆದರೆ ಕೈಯಲ್ಲಿದ್ದ ಕಡ್ಡಿ ಅರ್ಧ ನಾಮದಲ್ಲಿ ನಿಂತಿತ್ತು. ಅದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು.

ದೊಡ್ಡಪ್ಪಯ್ಯನದು ಪುರುಷ ವೇಷ. ಮುಂಡಾಸು ಕಟ್ಟಿ ನಿಂತರೆ ಇಂದಿಗೂ ಗದ್ದೆಯ ಕೊನೆಯಲ್ಲಿ ಕೂತವರು ಎದ್ದು ನೋಡುತ್ತಾರೆ. ಮಂಡಿ ನೋವು ಜಾಸ್ತಿಯಾಗಿದೆ, ಇದೇ ಕೊನೆಯ ತಿರುಗಾಟ ಅಂತ ದೀಪಾವಳಿಗೇ ಹೇಳಿಬಿಟ್ಟಿದ್ದರು. ಮೇ ತಿಂಗಳ ಕೊನೆಗೆ ಮೇಳ ನಿಲ್ಲುವುದರೊಳಗೆ ಅವರು ಬಣ್ಣ ಹಚ್ಚಿಕೊಳ್ಳುವ ಹೊತ್ತನ್ನು ಸರಿಯಾಗಿ ಚಿತ್ರ ಮಾಡಿಡಬೇಕು ಅನ್ನುವುದು ನನ್ನ ಆಸೆ. ರಂಗಸ್ಥಳದ ಮೇಲಿನ ಚಿತ್ರಗಳು ಎಲ್ಲರ ಮೊಬೈಲಿನಲ್ಲೂ ಇವೆ. ಸಾದಾ ಮನುಷ್ಯನ ಮುಖ ನಿಧಾನಕ್ಕೆ ಕರ್ಣನ ಮುಖವಾಗುವುದು ಮಾತ್ರ ಯಾರ ಹತ್ತಿರವೂ ಇಲ್ಲ.

ಚೌಕಿಯಲ್ಲಿ ಕೆಲಸಕ್ಕೆ ಬರುವಂಥದ್ದು ನನ್ನ ಹತ್ತಿರ ಇದ್ದದ್ದು 50 ಮಿ.ಮೀ. ಲೆನ್ಸ್ ಒಂದೇ. ಅದರಲ್ಲಿ ಮುಖ ತುಂಬಿ ಬರಬೇಕಾದರೆ ಹತ್ತಿರ ಹೋಗಲೇಬೇಕು. ಹತ್ತಿರ ಹೋದರೆ ಎರಡು ತೊಂದರೆ. ಒಂದು, ಬೆಳಕಿಗೆ ಅಡ್ಡ ಬರುತ್ತೇನೆ. ಇನ್ನೊಂದು, ಮುಖದ ಆಕಾರವೇ ಕೆಡುತ್ತದೆ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂ.ಮೀ. ಅಂತರ ಅಂದುಕೊಳ್ಳಿ. ಅರ್ಧ ಮೀಟರ್ ದೂರದಿಂದ ತೆಗೆದರೆ ಕಿವಿ ಮೂಗಿಗಿಂತ ಕಾಲು ಭಾಗ ಹೆಚ್ಚು ದೂರದಲ್ಲಿದೆ. ಹಾಗಾಗಿ ಮೂಗು ಉಬ್ಬುತ್ತದೆ, ಕಿವಿ ಕುಗ್ಗುತ್ತದೆ. ಒಂದೂವರೆ ಮೀಟರ್‌ನಿಂದ ತೆಗೆದರೆ ಆ ವ್ಯತ್ಯಾಸ ಬರೀ ನೂರಕ್ಕೆ ಎಂಟು. ಮುಖವನ್ನು "ಚಂದ" ಮಾಡುವುದು ಉದ್ದದ ಲೆನ್ಸ್ (ಮಿ.ಮೀ. ಸಂಖ್ಯೆ ಹೆಚ್ಚಿರುವುದು) ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಆ ಕೆಲಸ ಮಾಡುವುದು ದೂರ. ಲೆನ್ಸ್ ನಮ್ಮನ್ನು ಆ ದೂರದಲ್ಲಿ ನಿಲ್ಲಿಸುತ್ತದೆ, ಅಷ್ಟೇ.

ಅದಕ್ಕೇ ಆ ಡಿಸೆಂಬರ್ ರಾತ್ರಿ ಮನೆಗೆ ಬಂದವನು ಟೇಪು ಹಿಡಿದು ಅಳೆದೆ. ನಾನು ಪೆಟ್ಟಿಗೆಯ ಆಚೆ ಬದಿಗೆ ಕೂತರೆ ಅವರ ಮುಖಕ್ಕೂ ನನಗೂ 1.2 ಮೀಟರ್. ಬೆಳಕಿಗೆ ಅಡ್ಡ ಬರುವುದಿಲ್ಲ, ಪಕ್ಕದ ವೇಷಧಾರಿಯ ಕಾಲು ತುಳಿಯುವುದಿಲ್ಲ. ನನಗೆ ಬೇಕಾದ ಲೆನ್ಸ್ ಈ 1.2 ಮೀಟರ್‌ನಿಂದ ಕೆಲಸ ಮಾಡಬೇಕು. ಆಮೇಲಿನ ಹುಡುಕಾಟವೆಲ್ಲ ಈ ಒಂದು ಅಳತೆಯ ಸುತ್ತ.

ಕ್ಯಾಮೆರಾ ಬಗ್ಗೆ ಸ್ವಲ್ಪ ಹೇಳಬೇಕು. ನನ್ನದು ರೇಂಜ್‌ಫೈಂಡರ್, ಫೋಕ್ಟ್‌ಲೆಂಡರ್ ಹೆಸರಿನಲ್ಲಿ ಜಪಾನಿನ ಕೊಸಿನಾ ಕಂಪನಿ ಮಾಡಿದ ಬೆಸ್ಸಾ ಆರ್3ಎ. 2004ರಲ್ಲಿ ಬಂದದ್ದು, 35 ಎಂ.ಎಂ. ಫಿಲ್ಮ್ ಹಾಕುವ ಕ್ಯಾಮೆರಾ. ಎಸ್‌ಎಲ್‌ಆರ್‌ನಲ್ಲಿ ನಾವು ಲೆನ್ಸಿನ ಮೂಲಕವೇ ನೋಡುತ್ತೇವೆ. ರೇಂಜ್‌ಫೈಂಡರ್‌ನಲ್ಲಿ ಹಾಗಲ್ಲ, ಪಕ್ಕದ ಒಂದು ಕಿಟಕಿಯಿಂದ ನೋಡುತ್ತೇವೆ. ಆ ಕಿಟಕಿಯೊಳಗೆ ಬೆಳಕಿನ ಗೆರೆಗಳ ಒಂದು ಚೌಕಟ್ಟು ಕಾಣುತ್ತದೆ. ಚಿತ್ರಕ್ಕೆ ಬರುವುದು ಆ ಚೌಕಟ್ಟಿನೊಳಗಿನದ್ದು. ಈ ಕ್ಯಾಮೆರಾದ ದೊಡ್ಡ ಗುಣ ಏನು ಅಂದರೆ ಅದರ ಕಿಟಕಿ ಒಂದಕ್ಕೆ ಒಂದು. ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೋ ಕಿಟಕಿಯಲ್ಲೂ ಅಷ್ಟೇ. ಹಾಗಾಗಿ ಎರಡೂ ಕಣ್ಣು ತೆರೆದೇ ನೋಡಬಹುದು. ಚೌಕಿ ಪೂರ್ತಿ ಕಾಣುತ್ತಿರುತ್ತದೆ, ದೊಡ್ಡಪ್ಪಯ್ಯನ ಮುಖದ ಸುತ್ತ ಒಂದು ಬೆಳ್ಳನೆಯ ಚೌಕಟ್ಟು ಗಾಳಿಯಲ್ಲಿ ತೇಲುತ್ತಿರುತ್ತದೆ. ಕೈ ಎಲ್ಲಿಂದ ಬರುತ್ತಿದೆ, ಯಾರು ಹಾದು ಹೋಗುತ್ತಿದ್ದಾರೆ, ಎಲ್ಲ ಮೊದಲೇ ಗೊತ್ತಾಗುತ್ತದೆ. ಒಂದು ಸಲ ಹೀಗೆ ನೋಡಿದವರಿಗೆ ಬೇರೆ ಕ್ಯಾಮೆರಾ ರುಚಿಸುವುದು ಕಷ್ಟ.

ಇದರಲ್ಲಿ 40, 50, 75, 90 ಮಿ.ಮೀ. ಲೆನ್ಸ್‌ಗಳಿಗೆ ಚೌಕಟ್ಟುಗಳಿವೆ. ಮೇಲಿನ ಒಂದು ಗುಂಡಿ ತಿರುಗಿಸಿ ಬೇಕಾದ್ದನ್ನು ಆರಿಸಿಕೊಳ್ಳಬೇಕು. ನನಗೆ ಕನ್ನಡಕ ಇದೆ, 40ರ ಚೌಕಟ್ಟಿನ ಅಂಚು ಸರಿಯಾಗಿ ಕಾಣುವುದಿಲ್ಲ. 75, 90 ಆರಾಮ.

ಇನ್ನು ಫೋಕಸ್. ನಾನು ಬಹಳ ತಲೆಕೆಡಿಸಿಕೊಂಡದ್ದು ಇಲ್ಲೇ. ಕ್ಯಾಮೆರಾದ ಎದುರು ಭಾಗದಲ್ಲಿ ಎರಡು ಕಿಟಕಿಗಳಿವೆ. ಒಂದರ ಚಿತ್ರದ ಮೇಲೆ ಇನ್ನೊಂದರ ಚಿತ್ರ ನಡುವಿನ ಸಣ್ಣ ಚೌಕದಲ್ಲಿ ಕೂರುತ್ತದೆ. ಲೆನ್ಸ್ ತಿರುಗಿಸುತ್ತಾ ಹೋದ ಹಾಗೆ ಜೋಡಿ ಚಿತ್ರಗಳು ಹತ್ತಿರ ಬಂದು ಒಂದಾಗುತ್ತವೆ. ಒಂದಾದಾಗ ಫೋಕಸ್ ಸರಿ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ, ದೂರ ಅಳೆಯುವುದಕ್ಕೆ ಎರಡು ಕಣ್ಣುಗಳ ನಡುವಿನ ಅಂತರ ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ. ಕ್ಯಾಮೆರಾಕ್ಕೂ ಹಾಗೇ. ಕಿಟಕಿಗಳ ನಡುವಿನ ಅಂತರಕ್ಕೆ ಬೇಸ್ ಅನ್ನುತ್ತಾರೆ. ಆ ಬೇಸ್ ಅನ್ನು ಕಿಟಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೋ ಅದರಿಂದ ಗುಣಿಸಿದರೆ ಕ್ಯಾಮೆರಾದ ನಿಜವಾದ ಶಕ್ತಿ ಸಿಗುತ್ತದೆ. ನನ್ನ ಆರ್3ಎದು 37 ಮಿ.ಮೀ. 1954ರ ಜರ್ಮನ್ ಕ್ಯಾಮೆರಾ ಲೈಕಾ ಎಂ3ದು 60ಕ್ಕೂ ಮೇಲೆ. 1973ರ ಪುಟ್ಟ ಲೈಕಾ ಸಿಎಲ್‌ನದು 19ರ ಆಸುಪಾಸು. ಸಿಎಲ್ ಜೊತೆಗೆ ಆ ಕಂಪನಿಯವರು ಕೊಟ್ಟ 90ರ ಲೆನ್ಸ್ ಎಫ್ 4ರದ್ದು. ಈ ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ಬಾಯಿ ದೊಡ್ಡದು, ಒಳಗೆ ಬರುವ ಬೆಳಕು ಜಾಸ್ತಿ. ಅದಕ್ಕಿಂತ ದೊಡ್ಡ ಬಾಯಿಯ ಲೆನ್ಸನ್ನು ನೆಚ್ಚಿಕೊಂಡು ಫೋಕಸ್ ಮಾಡುವುದು ಆ ಕ್ಯಾಮೆರಾಕ್ಕೆ ಕಷ್ಟ.

ಒಂದು ಲೆನ್ಸಿಗೆ ಎಷ್ಟು ಬೇಕು ಅಂತ ನೋಡುವುದಕ್ಕೆ ನಾನು ಒಂದು ಒರಟು ಲೆಕ್ಕ ಇಟ್ಟುಕೊಂಡಿದ್ದೇನೆ. ಫೋಕಲ್ ಲೆಂತನ್ನು, ಅಂದರೆ 75, 90 ಅನ್ನುವ ಆ ಮಿ.ಮೀ. ಸಂಖ್ಯೆಯನ್ನು, ಅದರಿಂದಲೇ ಗುಣಿಸಿ, ಎಫ್ ಸಂಖ್ಯೆಯಿಂದ ಭಾಗಿಸಿ, ಮತ್ತೆ ನೂರರಿಂದ ಭಾಗಿಸಿ. ಬಂದದ್ದು ಬೇಕಾದ ಮಿಲಿಮೀಟರ್. 90ರ ಎಫ್ 4ಕ್ಕೆ 20. 90ರ ಎಫ್ 2.8ಕ್ಕೆ 29. 90ರ ಎಫ್ 2ಕ್ಕೆ 40. 85ರ ಎಫ್ 2ಕ್ಕೆ 36. 75ರ ಎಫ್ 2.5ಕ್ಕೆ 22 ಚಿಲ್ಲರೆ. 135ರ ಎಫ್ 4ಕ್ಕೆ 45 ಚಿಲ್ಲರೆ. ನನ್ನ 37ರ ಪಕ್ಕ ಇವುಗಳನ್ನು ಇಟ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆದರೆ ಈ ಲೆಕ್ಕ ನನಗೆ ಗೊತ್ತಾದದ್ದು ಆಮೇಲೆ. ಅದಕ್ಕೆ ಮುಂಚೆ ಎರಡು ಲೆನ್ಸ್ ಕೈಯಲ್ಲಿ ಹಿಡಿದು ನೋಡಿಯಾಗಿತ್ತು.

ಮೊದಲನೆಯದು ಎಲ್ಮಾರ್ 90, ಎಫ್ 4. ಲೈಕಾ ಮಾಡುತ್ತಿದ್ದ ಲೈಟ್ಸ್ ಕಂಪನಿ ಈ ಲೆನ್ಸನ್ನು 1931ರಲ್ಲೇ ಶುರು ಮಾಡಿದ್ದು. ನನಗೆ ಸಿಕ್ಕಿದ್ದು ಆಮೇಲಿನದು, ತಿರುಪಿ ಕೂರಿಸುವ ಸ್ಕ್ರೂ ಮೌಂಟಿನದು. ನಾಲ್ಕೇ ಗಾಜು, ಕೈಗೆ ತಣ್ಣಗೆ ಹತ್ತುವ ಹಿತ್ತಾಳೆಯ ಮೈ. ಹಿಂದಿನ ವರ್ಷದ ಚಳಿಗಾಲ ಪೂರ್ತಿ ಅದರಲ್ಲಿ ಮನೆಯವರ ಚಿತ್ರ ತೆಗೆದೆ. ಅಜ್ಜಿಯ ಮುಖದ ಸುಕ್ಕುಗಳನ್ನು ಅದು ಎಷ್ಟು ಮೃದುವಾಗಿ ತೋರಿಸಿತು ಅಂದರೆ ಆ ಚಿತ್ರ ನೋಡಿದವರೆಲ್ಲ ಒಂದು ನಿಮಿಷ ಸುಮ್ಮನಾಗುತ್ತಿದ್ದರು. ಜೂನ್ ಬಂತು, ಮಳೆ ಹಿಡಿಯಿತು. ಲೆನ್ಸನ್ನು ಅದರದ್ದೇ ಚರ್ಮದ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಟ್ಟೆ. ಚೌತಿ ಕಳೆದ ಮೇಲೆ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಗಾಜಿನೊಳಗೆ ಜೇಡರ ಬಲೆಯ ಹಾಗೆ ಬೂಷ್ಟು. ಕರಾವಳಿಯ ಮಳೆಗಾಲದಲ್ಲಿ ಚರ್ಮದ ಡಬ್ಬಿ ಅಂದರೆ ಬೂಷ್ಟಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ. ಬಿಚ್ಚಿ ಒರೆಸಿದರೂ ಗಾಜಿನ ಮೇಲೆ ಬೇರಿನ ಗುರುತು ಉಳಿಯಿತು. ಹಗಲಲ್ಲಿ ಪರವಾಗಿಲ್ಲ. ಚೌಕಿಯಲ್ಲಿ ಬಲ್ಬು ಎದುರಿಗೆ ಬಂದ ಕೂಡಲೇ ಚಿತ್ರವೆಲ್ಲ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ದಯವಿಟ್ಟು ಯಾರೂ ಚರ್ಮದ ಡಬ್ಬಿಯಲ್ಲಿ ಲೆನ್ಸ್ ಇಡಬೇಡಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಒಂದು ಹಿಡಿ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಅದನ್ನು ಬಿಸಿ ಮಾಡಿ ಒಣಗಿಸುವುದು. ಅಷ್ಟು ಸಾಕು.

ಎರಡನೆಯದು ಗೆಳೆಯನೊಬ್ಬ ಕೊಟ್ಟ ಜುಪಿಟರ್-9. ಸೋವಿಯೆತ್ ಕಾಲದ್ದು, 85 ಮಿ.ಮೀ., ಎಫ್ 2. ಜರ್ಮನಿಯ ಝೈಸ್ ಸೊನ್ನಾರ್ ಲೆನ್ಸಿನ ವಂಶದ್ದು. ಬೆಳಕು ಹಾಯುವ ತೂತನ್ನು ಹಿಗ್ಗಿಸಿ ಕುಗ್ಗಿಸುವ ಅದರ ಡಯಾಫ್ರಾಮಿಗೆ 15 ಎಲೆಗಳು, ಎಷ್ಟು ಮುಚ್ಚಿದರೂ ತೂತು ದುಂಡಗೇ ಇರುತ್ತದೆ. ಹಿಂದಿನ ದೀಪಗಳೆಲ್ಲ ದುಂಡನೆಯ ಬೆಳಕಿನ ಹನಿಗಳಾಗಿ ಬರುತ್ತವೆ. ನೋಡುವುದಕ್ಕೆ ಬಹಳ ಚಂದ. ಆದರೆ ಸೋವಿಯೆತ್ ಕ್ಯಾಮೆರಾಗಳ ಫೋಕಸ್ ಅಳತೆಗೂ ಲೈಕಾ ಅಳತೆಗೂ ಸಣ್ಣ ವ್ಯತ್ಯಾಸ ಇದೆ. ನನ್ನ ಕ್ಯಾಮೆರಾ ಲೈಕಾ ಅಳತೆಯದು. ದೂರದ ವಸ್ತುಗಳಲ್ಲಿ ಇದು ಗೊತ್ತಾಗುವುದಿಲ್ಲ. ಹತ್ತಿರದ ಮುಖ, ಎಫ್ 2, ಅಂದರೆ ಗೊತ್ತಾಗುತ್ತದೆ.

ಅದನ್ನು ನೋಡಿಯೇ ಬಿಡೋಣ ಅಂತ ಒಂದು ಭಾನುವಾರ ಜಗಲಿಯ ಮೇಲೆ ಹತ್ತು ಸಿಪ್ಪೆ ಅಡಿಕೆ ಸಾಲಾಗಿ ಇಟ್ಟೆ, ಓರೆಯಾಗಿ, ಒಂದರ ಹಿಂದೆ ಒಂದು ಎರಡು ಸೆಂ.ಮೀ. ಬಿಟ್ಟು. ಐದನೆಯದಕ್ಕೆ ಕುಂಕುಮದ ಬೊಟ್ಟು. ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟು, ಆ ಬೊಟ್ಟಿಗೇ ಫೋಕಸ್ ಮಾಡಿ ತೆಗೆದೆ. ಡಿಜಿಟಲ್ ಅಲ್ವಲ್ಲ, ರೋಲ್ ಮುಗಿಸಿ ತೊಳೆಯುವ ತನಕ ಕಾಯಬೇಕು. ನೆಗೆಟಿವ್ ಒಣಗಿದ ಮೇಲೆ ಲೂಪ್ (ಭೂತಗನ್ನಡಿ) ಹಿಡಿದು ನೋಡಿದರೆ ಏಳನೆಯ ಅಡಿಕೆಯ ನಾರು ಒಂದೊಂದೂ ಎಣಿಸುವ ಹಾಗಿತ್ತು, ಬೊಟ್ಟಿಟ್ಟ ಐದನೆಯದು ಮಸುಕು. ನಾಲ್ಕು ಸೆಂ.ಮೀ. ಹಿಂದೆ. ಮುಖಕ್ಕೆ ಹೋಲಿಸಿದರೆ, ಕಣ್ಣಿಗೆ ಫೋಕಸ್ ಮಾಡಿದರೆ ಕೆನ್ನೆಯ ಹಿಂಭಾಗ ಸರಿಯಾಗಿ ಬರುತ್ತದೆ. ಇದು ಲೆನ್ಸಿನ ತಪ್ಪು ಅನ್ನುವುದಕ್ಕಾಗುವುದಿಲ್ಲ, ಅದು ಬೇರೆ ಮನೆಗೆ ಹುಟ್ಟಿದ್ದು. ಗೆಳೆಯನಿಗೆ ವಾಪಸ್ ಕೊಟ್ಟೆ.

ಇನ್ನೊಬ್ಬ ಸ್ನೇಹಿತರು ಬೆಂಗಳೂರಿನಿಂದ ಬಂದಾಗ ತಮ್ಮ ಲೈಕಾ ಎಂ3 ಮತ್ತು 90ರ ಸುಮಿಕ್ರಾನ್ ತಂದಿದ್ದರು. ಎಫ್ 2. ಒಂದು ರಾತ್ರಿ ಆ ಲೆನ್ಸನ್ನು ನನ್ನ ಕ್ಯಾಮೆರಾಕ್ಕೆ ಹಾಕಿ ಚೌಕಿಗೆ ಹೋದೆ. ಒಂದು ರೋಲಿನ 36 ಚಿತ್ರಗಳಲ್ಲಿ ಕಣ್ಣು ಸರಿಯಾಗಿ ಬಂದದ್ದು 11. ಅವರು ಅದೇ ಲೆನ್ಸಿನಲ್ಲಿ, ತಮ್ಮ ಎಂ3ಯಲ್ಲಿ, ತಪ್ಪಿದ್ದು ಬೆರಳೆಣಿಕೆಯಷ್ಟು. ಮೇಲಿನ ಲೆಕ್ಕ ಹುಡುಕುವುದಕ್ಕೆ ಕಾರಣ ಈ ರಾತ್ರಿ. 40 ಬೇಕಾದ ಕಡೆ ನನ್ನ ಹತ್ತಿರ 37 ಇತ್ತು. ಜೊತೆಗೆ 1.2 ಮೀಟರ್‌ನಲ್ಲಿ ಎಫ್ 2ಕ್ಕೆ ಸಿಗುವ ಆಳ, ಅಂದರೆ ಹಿಂದೆ ಮುಂದೆ ಚೂಪಾಗಿ ಬರುವಷ್ಟು ಜಾಗ, ಬರೀ ಎರಡು ಸೆಂ.ಮೀ. ಬಣ್ಣ ಹಚ್ಚುವವರು ಕನ್ನಡಿಯ ಹತ್ತಿರ ಬಾಗುತ್ತಾರೆ, ಹಿಂದೆ ಸರಿದು ನೋಡುತ್ತಾರೆ, ಮತ್ತೆ ಬಾಗುತ್ತಾರೆ. ಆ ಎರಡು ಸೆಂ.ಮೀ. ಅವರ ಒಂದು ಉಸಿರಿಗೆ ಮುಗಿದುಹೋಗುತ್ತದೆ.

ಕತ್ತಲೆಯಲ್ಲಿ ಎಫ್ 2 ಬೇಡವಾ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಚೌಕಿ ಕತ್ತಲೆಯಾದರೂ ಮುಖದ ಮೇಲಿನ ಬೆಳಕು ಕಡಿಮೆ ಏನಲ್ಲ, ಬಲ್ಬು ಅಲ್ಲೇ ನೆತ್ತಿಯ ಮೇಲಿರುತ್ತದೆ. ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿನ ವೇಗವನ್ನು (ಐಎಸ್ಒ) 1600 ಅಂತ ಇಟ್ಟು, ಡೆವಲಪ್ ಮಾಡುವಾಗ ಹೊತ್ತು ಹೆಚ್ಚು ಕೊಟ್ಟರೆ ಎಫ್ 4ಕ್ಕೆ ಸೆಕೆಂಡಿನ 60ನೇ ಒಂದು ಭಾಗದ ಶಟರ್ ವೇಗ ಸಿಗುತ್ತದೆ. ಚಿತ್ರದಲ್ಲಿ ಕಾಳು (ಗ್ರೇನ್) ಸ್ವಲ್ಪ ಜಾಸ್ತಿಯಾಗುತ್ತದೆ. ಬಿಳಿ ಸಫೇತು ಹಚ್ಚಿದ ಮುಖಕ್ಕೆ ಆ ಕಾಳು ನನಗೆ ಇಷ್ಟವೇ.

135ರ ವಿಷಯ ಬಿಡಿ. ಈ ಕ್ಯಾಮೆರಾದಲ್ಲಿ ಅದಕ್ಕೆ ಚೌಕಟ್ಟೂ ಇಲ್ಲ, ಶಕ್ತಿಯೂ ಸಾಲದು.

ಉಳಿದದ್ದು ಎರಡು, 90ರ ಎಫ್ 3.5 ಅಥವಾ 2.8, ಇಲ್ಲವೇ 75. ಹೆಚ್ಚಿನವರು 90 ಅನ್ನುತ್ತಾರೆ. ರೇಂಜ್‌ಫೈಂಡರ್‌ನಲ್ಲಿ ಮುಖದ ಚಿತ್ರಕ್ಕೆ 85 ಅಥವಾ 90 ಅನ್ನುವುದು ಹಳೆಯ ವಾಡಿಕೆ. 1950ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಜಪಾನಿನಲ್ಲಿದ್ದಾಗ ಅವರ ಗಮನ ಸೆಳೆದದ್ದೂ ನಿಕಾನ್‌ನವರ ನಿಕ್ಕಾರ್ 85ರ ಎಫ್ 2 ಲೆನ್ಸೇ. ಅಲ್ಲಿಂದ ಕೊರಿಯಾ ಯುದ್ಧಕ್ಕೆ ನಿಕ್ಕಾರ್ ಲೆನ್ಸ್‌ಗಳನ್ನೇ ತೆಗೆದುಕೊಂಡು ಹೋದರು, ಜಪಾನಿನ ಲೆನ್ಸ್‌ಗಳ ಹೆಸರು ಹೊರದೇಶಗಳಲ್ಲಿ ಹಬ್ಬಿತು. 75ಕ್ಕೆ ಇಂಥ ಹಿನ್ನೆಲೆ ಕಡಿಮೆ. ಲೈಟ್ಸ್‌ನವರು 1931ರಲ್ಲೇ 73 ಮಿ.ಮೀ. ಹೆಕ್ಟರ್ ಮಾಡಿದ್ದರು. ಲೈಕಾ ಎಂ ಕ್ಯಾಮೆರಾದ ಕಿಟಕಿಯಲ್ಲಿ 75ಕ್ಕೆ ಚೌಕಟ್ಟು ಬಂದದ್ದು ಮಾತ್ರ 1980ರ ಹೊತ್ತಿಗೆ, ಎಂ4-ಪಿಯಲ್ಲಿ. 50ಕ್ಕೆ ತೀರಾ ಹತ್ತಿರ, 90 ಅಲ್ಲ, ಹಾಗಾದರೆ ಯಾಕೆ ಅಂತ ಕೇಳುವವರೇ ಹೆಚ್ಚು.

ನನಗೆ ಉತ್ತರ ಕೊಟ್ಟದ್ದು ಮತ್ತೆ ಆ ಟೇಪು. ಕ್ಯಾಮೆರಾ ಲಂಬವಾಗಿ ಹಿಡಿದು 1.2 ಮೀಟರ್‌ನಿಂದ ತೆಗೆದರೆ 90ರಲ್ಲಿ ಬರುವುದು 44 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲ. ಮುಖ ಸರಿಯಾಗಿ ತುಂಬುತ್ತದೆ. ಬರೀ ಮುಖ. 75ರಲ್ಲಿ ಬರುವುದು 54 ಸೆಂ.ಮೀ. ಎತ್ತರ, 36 ಸೆಂ.ಮೀ. ಅಗಲ. ಮುಖದ ಜೊತೆ ಕಡ್ಡಿ ಹಿಡಿದ ಕೈ ಬರುತ್ತದೆ, ಮಣಿಕಟ್ಟು ಬರುತ್ತದೆ, ಕನ್ನಡಿಯ ಅಂಚು ಬರುತ್ತದೆ. ಮುಂಡಾಸು ಕಟ್ಟಿದ ಮೇಲೂ ಅದರ ತುದಿ ಕತ್ತರಿಸುವುದಿಲ್ಲ. ಕೈ ಇಲ್ಲದೆ ಬಣ್ಣ ಹಚ್ಚುವ ಚಿತ್ರ ಹೇಗಾದೀತು? ಬೇರೆ ಯಾರಿಗಾದರೂ, ಬೇರೆ ಕಡೆ, 90ರದ್ದೇ ಸರಿ ಇರಬಹುದು. ನನ್ನ ಪೆಟ್ಟಿಗೆಯ ಆಚೆ ಬದಿಗೆ 75ರದ್ದೇ ಸರಿ.

ಜನವರಿಯಲ್ಲಿ ಫೋಕ್ಟ್‌ಲೆಂಡರ್ ಕಲರ್-ಹೆಲಿಯಾರ್ 75, ಎಫ್ 2.5, ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಸ್ಕ್ರೂ ಮೌಂಟು, ಒಂದು ಅಡಾಪ್ಟರ್ ಹಾಕಿದರೆ ನನ್ನ ಕ್ಯಾಮೆರಾಕ್ಕೆ ಕೂರುತ್ತದೆ. ಒಂದು ಮೀಟರ್ ತನಕ ಫೋಕಸ್ ಆಗುತ್ತದೆ, ನನಗೆ ಅಷ್ಟು ಸಾಕು. ಪುಟ್ಟದು, ಅಂಗಿಯ ಜೇಬಲ್ಲಿ ಹಿಡಿಸುತ್ತದೆ. ಬಂದ ದಿನವೇ ಅಡಿಕೆ ಸಾಲು ಇಟ್ಟೆ. ಕುಂಕುಮದ ಅಡಿಕೆಯೇ ಚೂಪಾಗಿ ಬಂತು.

ಅದನ್ನು ತೆಗೆದುಕೊಂಡು ಚೌಕಿಗೆ ಹೋದ ಮೊದಲ ರಾತ್ರಿ ಒಂದು ವಿಷಯ ಕಲಿತೆ. ರೇಂಜ್‌ಫೈಂಡರ್‌ನ ಜೋಡಿ ಚಿತ್ರಗಳು ಅಡ್ಡಡ್ಡ ಸರಿಯುತ್ತವೆ. ಹಾಗಾಗಿ ಉದ್ದುದ್ದ ನಿಂತ ಗೆರೆ ಇದ್ದರೆ ಒಂದಾದದ್ದು ತಟ್ಟನೆ ಗೊತ್ತಾಗುತ್ತದೆ. ಅಡ್ಡ ಗೆರೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಮುಖದಲ್ಲಿ ಹುಬ್ಬು, ಕಣ್ಣು, ತುಟಿ ಎಲ್ಲ ಅಡ್ಡವೇ. ಕ್ಯಾಮೆರಾ ಲಂಬವಾಗಿ ತಿರುಗಿಸಿದರೆ ಲೆಕ್ಕ ತಿರುಗುಮುರುಗು ಆಗುತ್ತದೆ, ಆಗ ಹುಬ್ಬು ಮತ್ತು ಕಾಡಿಗೆಯ ಗೆರೆ ಕೆಲಸಕ್ಕೆ ಬರುತ್ತವೆ. ನಾನು ಮಾಡುವುದು ಹೀಗೆ: ಮೊದಲು ಕ್ಯಾಮೆರಾ ಅಡ್ಡ ಹಿಡಿದು ನಾಮದ ಬುಡಕ್ಕೆ, ಮೂಗಿನ ಸೇತುವೆ ಶುರುವಾಗುವ ಜಾಗಕ್ಕೆ, ಫೋಕಸ್ ಮಾಡುತ್ತೇನೆ. ಬಿಳಿಯ ಆ ಎರಡು ಗೆರೆಗಳು ನಾಲ್ಕಾಗಿ ಕಾಣುತ್ತವೆ. ಲೆನ್ಸ್ ತಿರುಗಿಸಿದ ಹಾಗೆ ಮೂರಾಗುತ್ತವೆ, ಮತ್ತೆ ಎರಡಾಗುತ್ತವೆ. ನಾಮದ ಬುಡ ಕಣ್ಣಿಗಿಂತ ತುಸು ಮುಂದೆ ಇರುತ್ತದೆ, ಅಷ್ಟೇ. 75ಕ್ಕೆ ಎಫ್ 4ರಲ್ಲಿ ಸಿಗುವ ಆರು ಸೆಂ.ಮೀ. ಆಳದೊಳಗೆ ಕಣ್ಣೂ ಬಂದುಬಿಡುತ್ತದೆ. ಹಣೆಯ ಮೇಲಿನ ಭಾಗಕ್ಕೆ ಮಾತ್ರ ಫೋಕಸ್ ಮಾಡಬಾರದು, ಅದು ಇನ್ನೂ ಮುಂದೆ ಇರುತ್ತದೆ.

ಕನ್ನಡಿಯೊಳಗಿನ ಮುಖ ತೆಗೆಯುವುದಾದರೆ ಇನ್ನೊಂದು ಮಾತು. ಅಲ್ಲಿ ದೂರ ಕನ್ನಡಿಯ ತನಕ ಅಲ್ಲ. ನನ್ನಿಂದ ಕನ್ನಡಿಗೆ, ಕನ್ನಡಿಯಿಂದ ಮುಖಕ್ಕೆ, ಎರಡೂ ಸೇರಿ. ಪ್ರತಿಬಿಂಬದ ನಾಮವನ್ನೇ ಒಂದು ಮಾಡಿಕೊಂಡರೆ ಕ್ಯಾಮೆರಾ ತಾನಾಗಿಯೇ ಆ ಲೆಕ್ಕ ಮಾಡಿಕೊಳ್ಳುತ್ತದೆ.

ಬೆಸ್ಸಾದ ಶಟರ್ ಸದ್ದು ಸ್ವಲ್ಪ ಜೋರು. ಹೊರಗೆ ಆಟ ಇದೆ ಅಂತ ಸಾರುವ ಕೇಳಿ ಬಡಿಯುವುದಕ್ಕೆ ಶುರು ಮಾಡುವ ತನಕ ಕಾಯುತ್ತೇನೆ. ಚೆಂಡೆ ಎದ್ದ ಮೇಲೆ ಯಾರಿಗೂ ಕೇಳುವುದಿಲ್ಲ.

ಹೋದ ವಾರ ಐದು ಚಿತ್ರಗಳನ್ನು ಪ್ರಿಂಟ್ ಮಾಡಿಸಿ ದೊಡ್ಡಪ್ಪಯ್ಯನ ಮನೆಗೆ ತೆಗೆದುಕೊಂಡು ಹೋದೆ. ಊಟ ಆಗಿತ್ತು, ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ನಾಲ್ಕನೆಯದು ಕೈಗೆ ಬಂದಾಗ ಬಹಳ ಹೊತ್ತು ನಿಂತರು. ಕಡ್ಡಿ ಹಣೆಗೆ ಮುಟ್ಟಿರುವ ಚಿತ್ರ ಅದು. ತೋರುಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು ಇಂಗಳೀಕ ಸಿಕ್ಕಿಕೊಂಡಿರುವುದೂ ಕಾಣುತ್ತದೆ.

"ನಲ್ವತ್ ವರ್ಷ ಆಯ್ತ್ ಮಾಣಿ," ಅಂದರು. "ಕನ್ನಡಿಯೊಳ್ಗೆ ಎಡ ಬಲ ತಿರುಗಾಮುರುಗಾ. ನಾನ್ ನಾಮ ಎಳುದ್ ಹೀಂಗ್ ಕಾಣತ್ತ್ ಅಂತ ಇವತ್ತೇ ಕಂಡದ್."

ದೊಡ್ಡಮ್ಮ ಒಳಗಿನಿಂದ ಬಂದು ಆ ಚಿತ್ರ ಇಸಿದುಕೊಂಡು ಹೋದರು. ಇನ್ನು ಮೇ ತಿಂಗಳ ತನಕ ಎಂಟು ಆಟಗಳಿಗೆ ಹೋಗುವುದಕ್ಕಾಗುತ್ತದೆ ನನಗೆ. ಫ್ರಿಜ್ಜಿನಲ್ಲಿ ಒಂಬತ್ತು ರೋಲ್ ಇವೆ.